ಎಡಕ್ಕೊಂದು ಸೂಜಿ, ಬಲಕ್ಕೊಂದು ಸೂಜಿ

ಸ್ತನದಲ್ಲಿ ಸಣ್ಣದೇನೋ ಕಂಡಿದೆ, ಯಾವ ಬಯಾಪ್ಸಿ (ಒಳಗಿನದನ್ನು ಸ್ವಲ್ಪ ತೆಗೆದು ಮಾಡುವ ಪರೀಕ್ಷೆ) ಮಾಡಿಸಿದರೆ ಒಳ್ಳೇದು ಅಂತ ಪರಿಚಯದವರು ಈಗ ನನ್ನನ್ನು ಕೇಳುತ್ತಾರೆ. ನಾನು ಡಾಕ್ಟರ್ ಅಲ್ಲ. ಹಾಸನದ ಕಡೆ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಆದರೆ ಎಫ್‌ಎನ್‌ಎಸಿ, ಕೋರ್ ಬಯಾಪ್ಸಿ, ವ್ಯಾಕ್ಯೂಮ್ ಬಯಾಪ್ಸಿ, ಕೊನೆಗೆ ತಂತಿ ಹಾಕಿ ಮಾಡುವ ಸಣ್ಣ ಆಪರೇಷನ್, ಇಷ್ಟೂ ಒಂದರ ಹಿಂದೆ ಒಂದು ನನ್ನ ಮೈಮೇಲೇ ಆಗಿವೆ. ಹಾಗಾಗಿ ಕೇಳಿದವರಿಗೆ ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ: ನಿಮ್ಮದು ಯಾವುದರಲ್ಲಿ ಕಂಡಿತು? ಕೈಗೆ ಸಿಕ್ಕಿತಾ, ಸ್ಕ್ಯಾನಿಂಗಲ್ಲಿ ಕಂಡಿತಾ, ಇಲ್ಲಾ ಮ್ಯಾಮೊಗ್ರಾಂ ಅನ್ನುವ ಸ್ತನದ ಎಕ್ಸ್‌ರೇಯಲ್ಲಿ ಮಾತ್ರ ಕಂಡಿತಾ? ಯಾವ ಸೂಜಿ ಅನ್ನೋದು ಮುಕ್ಕಾಲು ಪಾಲು ಅಲ್ಲೇ ತೀರ್ಮಾನ ಆಗಿರುತ್ತೆ. ನೋವು, ಖರ್ಚು, ಕಲೆ ಉಳಿಯುತ್ತಾ ಅನ್ನೋದೆಲ್ಲ ಆಮೇಲಿನ ಮಾತು.

ನನ್ನ ಕೈಗೆ ಯಾವ ಗಂಟೂ ಸಿಕ್ಕಿರಲಿಲ್ಲ. ನೋವೂ ಇರಲಿಲ್ಲ. ವಯಸ್ಸು ನಲವತ್ತೇಳು, ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು ಅನ್ನೋ ಕಾರಣಕ್ಕೆ ಬೆಂಗಳೂರಲ್ಲಿರುವ ತಂಗಿ ದಸರಾ ರಜೆಯಲ್ಲಿ ಹಟ ಹಿಡಿದು ಮ್ಯಾಮೊಗ್ರಾಂ ಮಾಡಿಸಿದಳು. ಜೊತೆಗೆ ಅಲ್ಟ್ರಾಸೌಂಡೂ ಮಾಡಿದರು. ರಿಪೋರ್ಟಲ್ಲಿ ಎರಡು ವಿಷಯ ಇದ್ದವು. ಬಲಗಡೆ 7 ಮಿಲಿಮೀಟರ್‌ನ ಒಂದು ಗಡ್ಡೆ, ಅದು ಅಲ್ಟ್ರಾಸೌಂಡಲ್ಲೂ ಕಾಣುತ್ತೆ, ಬೈ-ರಾಡ್ಸ್ 4ಎ. ಎಡಗಡೆ ತೀರಾ ಸಣ್ಣ ಕ್ಯಾಲ್ಸಿಯಂ ಕಣಗಳ ಒಂದು ಗುಂಪು, ಅಲ್ಟ್ರಾಸೌಂಡಲ್ಲಿ ಅದರ ಸುಳಿವೇ ಇಲ್ಲ, ಬೈ-ರಾಡ್ಸ್ 4ಬಿ.

ಬೈ-ರಾಡ್ಸ್ ಅಂದರೆ ಚಿತ್ರ ನೋಡಿ ಅನುಮಾನ ಎಷ್ಟು ಅಂತ ಕೊಡುವ ಅಂಕಿ. ಅದನ್ನು ನೋಡಿ ಎದೆ ಧಸಕ್ ಅನ್ನಿಸಿಕೊಳ್ಳುವವರೇ ಜಾಸ್ತಿ. ಕ್ಯಾನ್ಸರಿನ ನಾಲ್ಕನೇ ಸ್ಟೇಜ್ ಅಂತ ತಿಳಿದುಕೊಂಡು ಅತ್ತವರನ್ನು ನಾನೇ ನೋಡಿದ್ದೇನೆ. ಅದಕ್ಕೂ ಸ್ಟೇಜಿಗೂ ಸಂಬಂಧವೇ ಇಲ್ಲ. 4 ಅಂದರೆ ಅನುಮಾನ ಇದೆ, ತುಣುಕು ತೆಗೆದು ನೋಡಿ ಅಂತ ಅಷ್ಟೆ. 4ಎ ಅಂದರೆ ಕ್ಯಾನ್ಸರ್ ಆಗಿರುವ ಸಾಧ್ಯತೆ ಶೇ. 2ರಿಂದ 10, 4ಬಿ ಅಂದರೆ ಶೇ. 10ರಿಂದ 50, 4ಸಿ ಅಂದರೆ ಶೇ. 50ರಿಂದ 95. ಐದು ಬಂದರೆ ಶೇ. 95ಕ್ಕೂ ಮೇಲೆ. ಹತ್ತರಿಂದ ಐವತ್ತು ಅನ್ನೋದು ಎಂಥಾ ಉತ್ತರ! ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಹೀಗೆ ಬರೆದರೆ ನಾನಂತೂ ಅಂಕ ಕೊಡಲ್ಲ. ಆದರೆ ಚಿತ್ರ ನೋಡಿ ಹೇಳಬಹುದಾದದ್ದು ಅಷ್ಟೇ. ಮಿಕ್ಕಿದ್ದನ್ನು ಹೇಳೋದಕ್ಕೆ ಸೂಜಿ ಬೇಕು.

ಇನ್ನೊಂದು ಮಾತು, ಆ ಕ್ಯಾಲ್ಸಿಯಂ ಕಣಗಳು ನಾವು ತಿನ್ನುವ ಮಾತ್ರೆಯಿಂದಲೋ ಹಾಲಿನಿಂದಲೋ ಬಂದದ್ದಲ್ಲ. ನಾನು ಗಾಬರಿಯಲ್ಲಿ ಮಾತ್ರೆ ನಿಲ್ಲಿಸಲಾ ಅಂತ ಕೇಳಿದಾಗ ಡಾಕ್ಟರ್ ನಕ್ಕರು. ಹಾಲಿನ ನಾಳಗಳೊಳಗೆ ಜೀವಕೋಶಗಳು ಬೆಳೆದು ಸತ್ತು ಆಗುವ ಬದಲಾವಣೆಯಿಂದಲೂ ಇಂಥ ಕಣ ಕೂರುತ್ತೆ, ಏನೂ ತೊಂದರೆ ಇಲ್ಲದ ಹತ್ತಾರು ಕಾರಣಕ್ಕೂ ಕೂರುತ್ತೆ. ಅವುಗಳ ಆಕಾರ, ಅವು ಹರಡಿರುವ ರೀತಿ ನೋಡಿ ಅನುಮಾನ ಪಡುತ್ತಾರೆ.

ರಜೆ ಮುಗಿದು ಊರಿಗೆ ಬಂದೆ. ನಮ್ಮನೆಯವರ ಸ್ನೇಹಿತರೊಬ್ಬರು, ಇದಕ್ಕೆಲ್ಲ ಬೆಂಗಳೂರಿಗೆ ಯಾಕೆ ಓಡಾಡ್ತೀರಿ, ಇಲ್ಲೇ ಒಂದು ಎಫ್‌ಎನ್‌ಎಸಿ ಮಾಡಿಸಿ, ಸಾಯಂಕಾಲಕ್ಕೆ ರಿಪೋರ್ಟ್ ಬರುತ್ತೆ ಅಂದರು. ಊರಿನ ಒಂದು ಲ್ಯಾಬಿಗೆ ಹೋದೆವು. ಎಫ್‌ಎನ್‌ಎಸಿ ಅಂದರೆ ರಕ್ತ ತೆಗೆಯುವಾಗ ಹಾಕುತ್ತಾರಲ್ಲ, ಅಷ್ಟೇ ಸಣ್ಣ ಸೂಜಿ, 23 ಗೇಜ್ ಸುಮಾರಿನದು, ಮಿಲಿಮೀಟರಿಗಿಂತ ಕಮ್ಮಿ ದಪ್ಪ. ಗೇಜಿನ ಲೆಕ್ಕ ತಿರುಗು ಮುರುಗು, ನಂಬರ್ ಜಾಸ್ತಿಯಾದಷ್ಟೂ ಸೂಜಿ ತೆಳು. ಆ ಸೂಜಿ ಒಳಗೆ ಹೋಗಿ ಹಿಂದೆ ಮುಂದೆ ಆಡಿ ಬಿಡಿ ಬಿಡಿ ಜೀವಕೋಶಗಳನ್ನು ಹೀರಿಕೊಂಡು ಬರುತ್ತೆ. ಅವನ್ನು ಗಾಜಿನ ಸ್ಲೈಡಿನ ಮೇಲೆ ಸವರಿ ನೋಡುತ್ತಾರೆ. ಮರಗಟ್ಟುವ ಇಂಜೆಕ್ಷನ್ನೂ ಕೊಡಲಿಲ್ಲ, ಬೇಕಾಗಲೂ ಇಲ್ಲ. ಐದು ನಿಮಿಷದ ಕೆಲಸ.

ಕಷ್ಟ ಎಲ್ಲಿ ಅಂದರೆ, ಆ ಲ್ಯಾಬಲ್ಲಿ ಅಲ್ಟ್ರಾಸೌಂಡ್ ಇರಲಿಲ್ಲ. ರಿಪೋರ್ಟ್ ಓದಿ, ಬಲಗಡೆ ಇಂತಿಷ್ಟು ಗಂಟೆಯ ಜಾಗ ಅಂತ ನೋಡಿಕೊಂಡು, ಕೈಯಲ್ಲಿ ಒತ್ತಿ ಅಂದಾಜಿನಲ್ಲಿ ಚುಚ್ಚಿದರು. ಸ್ತನದಲ್ಲಿ ಜಾಗವನ್ನು ಗಡಿಯಾರದ ಮುಳ್ಳಿನ ಪ್ರಕಾರ ಹೇಳುತ್ತಾರೆ, ಹತ್ತು ಗಂಟೆ, ಎರಡು ಗಂಟೆ ಅಂತ. ಕೈಗೇ ಸಿಗದ 7 ಮಿಲಿಮೀಟರ್ ಗಡ್ಡೆಗೆ ಕೈ ಅಂದಾಜಿನಲ್ಲಿ ಸೂಜಿ! ರಿಪೋರ್ಟ್ ಬಂತು: ಸಾಕಷ್ಟು ಜೀವಕೋಶಗಳಿಲ್ಲ, ಏನೂ ಹೇಳಲಾಗದು. ಎಡಗಡೆಯದನ್ನು ಅವರು ಮುಟ್ಟಲೇ ಇಲ್ಲ. ದುಡ್ಡು ಮಾತ್ರ ಪೂರ್ತಿ ತಗೊಂಡರು.

ಎಫ್‌ಎನ್‌ಎಸಿ ಅಂದರೆ ದಂಡ ಅಂತ ನಾನು ಹೇಳ್ತಾ ಇಲ್ಲ. ನೀರುಗುಳ್ಳೆ ಇದ್ದರೆ ಆ ಸೂಜಿಯಲ್ಲೇ ನೀರು ತೆಗೆದು ಮುಗಿಸಬಹುದು. ಕಂಕುಳಿನ ಗಂಟು ನೋಡೋದಕ್ಕೆ ದೊಡ್ಡ ಆಸ್ಪತ್ರೆಗಳಲ್ಲೂ ಇದನ್ನೇ ಬಳಸುತ್ತಾರೆ. ಬಿಡಿ ಜೀವಕೋಶ ನೋಡಿ ಹೇಳುವ ಅನುಭವಿ ಸೈಟಾಲಜಿ ಡಾಕ್ಟರ್ ಪಕ್ಕದಲ್ಲೇ ಇದ್ದು ಸ್ಲೈಡ್ ನೋಡಿ ಸಾಕು, ಸಾಲದು ಅಂತ ಹೇಳುವ ಕಡೆ ಇದು ಚೆನ್ನಾಗಿಯೇ ನಡೆಯುತ್ತೆ, ಖರ್ಚೂ ಕಮ್ಮಿ. ಆದರೆ ಅದರಲ್ಲಿ ಬಿಡಿ ಜೀವಕೋಶ ಮಾತ್ರ ಬರುತ್ತೆ, ಅವು ಒಳಗೆ ಹೇಗೆ ಜೋಡಿಸಿಕೊಂಡಿದ್ದವು ಅನ್ನೋದು ಬರಲ್ಲ. ಕ್ಯಾನ್ಸರ್ ಜೀವಕೋಶ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಅದು ನಾಳದ ಒಳಗೇ ಇದೆಯಾ, ಗೋಡೆ ದಾಟಿ ಹೊರಗೆ ಬಂದಿದೆಯಾ ಅನ್ನೋದನ್ನು ಎಫ್‌ಎನ್‌ಎಸಿ ಹೇಳಲಾರದು. ಚಿಕಿತ್ಸೆ ನಿಂತಿರೋದೇ ಆ ಒಂದು ಮಾತಿನ ಮೇಲೆ.

ಅತ್ತೆ ಈ ಹೊತ್ತಿಗೆ ತಮ್ಮ ತೀರ್ಪು ಕೊಟ್ಟಿದ್ದರು. "ಗಂಟಿಗೆ ಸೂಜಿ ತಾಗಿಸಬಾರದು ಕಣಮ್ಮ. ಕೆದಕಿದ್ರೆ ಹರಡುತ್ತೆ. ನಮ್ಮ ಊರಲ್ಲಿ ಒಬ್ಬಳಿಗೆ ಹಂಗೇ ಆಯ್ತು." ಈ ಮಾತು ಕೇಳದ ಮನೆ ಬಹುಶಃ ಇಲ್ಲ. ಬೆಂಗಳೂರಿನ ರೇಡಿಯಾಲಜಿ ಮೇಡಂ ಹತ್ತಿರ ನಾನು ಇದನ್ನೇ ನೇರವಾಗಿ ಕೇಳಿದೆ. ಅವರು ಮುಚ್ಚಿಡದೆ ಹೇಳಿದರು: ಸೂಜಿ ಬಂದ ದಾರಿಯಲ್ಲಿ ಕೆಲವು ಜೀವಕೋಶ ಸರಿದು ಕೂರುವುದನ್ನು ಮೈಕ್ರೋಸ್ಕೋಪಲ್ಲಿ ನೋಡಿದ್ದಾರೆ, ಇಲ್ಲ ಅಂತಲ್ಲ. ಆದರೆ ಅವು ಅಲ್ಲೇ ಬೇರೂರಿ ಬೆಳೆಯೋದು ತೀರಾ ಅಪರೂಪ. ಮುಂದೆ ಆಪರೇಷನ್, ರೇಡಿಯೇಷನ್ ಬೇಕಾದರೆ ಆ ಜಾಗವೂ ಅದರಲ್ಲೇ ಬರುತ್ತೆ. ಬಯಾಪ್ಸಿ ಮಾಡಿಸಿದವರ ಆಯಸ್ಸು ಅದರಿಂದ ಕಮ್ಮಿ ಆಗಲ್ಲ. "ನಿಮ್ಮೂರಲ್ಲಿ ಒಬ್ಬರಿಗೆ ಹಾಗಾಯಿತು ಅಂತಾರಲ್ಲ, ಅವರು ಸೂಜಿ ಚುಚ್ಚಿಸಿಕೊಂಡಾಗ ಕಾಯಿಲೆ ಎಷ್ಟು ಬೆಳೆದಿತ್ತು ಅಂತ ಕೇಳಿ ನೋಡಿ" ಅಂದರು. ಅತ್ತೆಗೆ ಅದು ಒಪ್ಪಿಗೆಯಾಗಲಿಲ್ಲ, ಆದರೆ ಬೆಂಗಳೂರಿಗೆ ಹೊರಟಾಗ ತಡೆಯಲೂ ಇಲ್ಲ.

ಬಲಗಡೆಗೆ ಕೋರ್ ಬಯಾಪ್ಸಿ, ಎಡಗಡೆಗೆ ವ್ಯಾಕ್ಯೂಮ್ ಅಂತ ಮೇಡಂ ಹೇಳಿದಾಗ ನನಗೆ ಸಿಟ್ಟೇ ಬಂತು. ಎರಡಕ್ಕೂ ಒಂದೇ ಮಾಡಬಾರದಾ? ಎರಡು ಬಿಲ್ ಮಾಡುವ ಉಪಾಯ ಅಂತಲೇ ಅನ್ನಿಸಿತು. ಅವರು ಒಂದು ಹಾಳೆ ತಗೊಂಡು ಬರೆದು ತೋರಿಸಿದರು. ಬಲಗಡೆಯದು ಅಲ್ಟ್ರಾಸೌಂಡಲ್ಲಿ ಕಾಣುತ್ತೆ, ಗಟ್ಟಿ ಗಡ್ಡೆ, ಸೂಜಿಯ ತುದಿ ಅದರೊಳಗೆ ಹೋಗೋದನ್ನು ಪರದೆಯ ಮೇಲೆ ನೋಡುತ್ತಾ ಚುಚ್ಚಬಹುದು. ಕೋರ್ ಸಾಕು. ಎಡಗಡೆಯದು ಗಡ್ಡೆಯೇ ಅಲ್ಲ, ಚೆದುರಿದ ಕಣಗಳು. ಮ್ಯಾಮೊಗ್ರಾಂ ಬಿಟ್ಟರೆ ಬೇರೆ ಎಲ್ಲೂ ಕಾಣಲ್ಲ. ಕೋರ್ ಸೂಜಿ ಎರಡು ಕಣದ ಮಧ್ಯೆ ನುಸುಳಿ ಬರಿಗೈಲಿ ವಾಪಸ್ ಬರಬಹುದು. ಅಲ್ಲಿಗೆ ಜಾಸ್ತಿ ತುಣುಕು ಎಳೆದುಕೊಳ್ಳುವ ಸಾಧನ ಬೇಕು, ಅದನ್ನು ಮ್ಯಾಮೊಗ್ರಾಂ ಯಂತ್ರದಲ್ಲೇ ಗುರಿ ಇಟ್ಟು ಮಾಡಬೇಕು.

ಕೋರ್ ಬಯಾಪ್ಸಿಯನ್ನು ನಮ್ಮಲ್ಲಿ ಟ್ರೂಕಟ್ ಅಂತಲೂ ಕರೆಯುತ್ತಾರೆ. ಸಾಮಾನ್ಯವಾಗಿ 14 ಗೇಜ್ ಸೂಜಿ, ಸುಮಾರು 2 ಮಿಲಿಮೀಟರ್ ದಪ್ಪ. ಎಪಿಎಂಸಿ ಯಾರ್ಡಿನಲ್ಲಿ ವ್ಯಾಪಾರಿ ಮೂಟೆಗೆ ಸೀಳಿದ ಕೊಳವೆ ಚುಚ್ಚಿ ಒಳಗಿನ ಕಾಳು ತೆಗೆದು ನೋಡುತ್ತಾನಲ್ಲ, ಸೂಜಿಯ ತುದಿ ಹತ್ತಿರ ಹಾಗೇ ಒಂದು ತಗ್ಗು ಇರುತ್ತೆ. ಸ್ಪ್ರಿಂಗ್ ಬಿಟ್ಟ ಕೂಡಲೇ ಒಳಸೂಜಿ ಮುಂದೆ ಹಾರುತ್ತೆ, ತಗ್ಗಿನಲ್ಲಿ ಮಾಂಸ ಕೂರುತ್ತೆ, ಹೊರಗಿನ ಕೊಳವೆ ಅದರ ಮೇಲೆ ಬಂದು ಕತ್ತರಿಸುತ್ತೆ. ಕಣ್ಣು ಮಿಟುಕಿಸುವುದರೊಳಗೆ ಎರಡೂ ಮುಗಿದಿರುತ್ತೆ. ಹೊರಬಂದಾಗ ಉದ್ದನೆಯ ಒಂದು ಎಳೆ. ಜೀವಕೋಶಗಳು ಎಲ್ಲಿದ್ದವೋ ಹಾಗೆಯೇ, ಜೋಡಣೆ ಕೆಡದೆ ಬರುತ್ತವೆ. ಕ್ಯಾನ್ಸರ್ ಅಂತಾದರೆ ಯಾವ ಔಷಧ ಕೆಲಸ ಮಾಡುತ್ತೆ ಅಂತ ತಿಳಿಸುವ ಹಾರ್ಮೋನು ರಿಸೆಪ್ಟರ್, ಹರ್‌-2 ಪರೀಕ್ಷೆಗಳನ್ನೂ ಅದೇ ತುಣುಕಿನ ಮೇಲೆ ಮಾಡಬಹುದು, ಆಪರೇಷನ್ ಮೊದಲಾ ಕೀಮೋ ಮೊದಲಾ ಅಂತ ಅದರ ಮೇಲೆ ನಿರ್ಧಾರ ಮಾಡುತ್ತಾರೆ.

ಬಲಗೈ ತಲೆ ಮೇಲೆ ಇಟ್ಟು ಒರಗಿಸಿ ಮಲಗಿಸಿದರು. ರಕ್ತ ತೆಳು ಮಾಡುವ ಮಾತ್ರೆ, ಆಸ್ಪಿರಿನ್ ಏನಾದರೂ ತಗೊಳ್ತೀರಾ ಅಂತ ಮೊದಲೇ ಕೇಳಿದ್ದರು. ಮರಗಟ್ಟುವ ಇಂಜೆಕ್ಷನ್ ಮೊದಲ ಕ್ಷಣ ಚುರುಚುರು ಉರಿಯಿತು, ನಿಜವಾಗಿ ನೋವು ಅಂತ ಇದ್ದದ್ದು ಅಷ್ಟೇ. ಆಮೇಲೆ ಬ್ಲೇಡಿನಿಂದ ಚರ್ಮದ ಮೇಲೆ ಸಣ್ಣ ಗೀರು. ಚುಚ್ಚುವ ಮೊದಲು ಗನ್ನನ್ನು ಗಾಳಿಯಲ್ಲಿ ಒಮ್ಮೆ ಹಾರಿಸಿ ಶಬ್ದ ಕೇಳಿಸಿದರು. 'ಟಕ್' ಅಂತ ಜೋರಾಗಿಯೇ ಬರುತ್ತೆ. ಇದನ್ನು ಮೊದಲು ಕೇಳಿಸದೆ ಹೋಗಿದ್ದರೆ ನಾನು ಬೆಚ್ಚಿ ಎದ್ದೇಬಿಡುತ್ತಿದ್ದೆ, ಅದಂತೂ ಖಂಡಿತ. ಬಯಾಪ್ಸಿ ಮಾಡಿಸುವವರು ದಯವಿಟ್ಟು ಶಬ್ದ ಮೊದಲೇ ಕೇಳಿಸಿ ಅಂತ ಹೇಳಿ.

ನನಗೆ ಸ್ವಾರಸ್ಯ ಅನ್ನಿಸಿದ್ದು ಪರದೆ. ಸೂಜಿ ಬೆಳ್ಳಗೆ ಒಂದು ಗೆರೆಯಾಗಿ ಕಾಣುತ್ತೆ, ಗಡ್ಡೆ ಕಪ್ಪಗೆ ಇರುತ್ತೆ. ಸ್ಪ್ರಿಂಗ್ ಬಿಟ್ಟಾಗ ಸೂಜಿ ಎರಡು ಸೆಂಟಿಮೀಟರ್‌ನಷ್ಟು ಮುಂದೆ ಹೋಗುತ್ತೆ. ಗಡ್ಡೆ ಇರೋದು 7 ಮಿಲಿಮೀಟರ್. ಹಾಗಾಗಿ ಸೂಜಿ ಗಡ್ಡೆ ದಾಟಿ ಆಚೆಗೂ ಹೋಗೇ ಹೋಗುತ್ತೆ. ಹಿಂದೆ ಎದೆಗೂಡು, ಶ್ವಾಸಕೋಶ. ಅದಕ್ಕೇ ಸೂಜಿಯನ್ನು ಮೇಲಿಂದ ಕೆಳಗೆ ನೆಟ್ಟಗೆ ಚುಚ್ಚಲ್ಲ. ಪಕ್ಕದಿಂದ ತಂದು, ಎದೆಗೂಡಿಗೆ ಸಮಾನಾಂತರವಾಗಿ ಮಲಗಿಸಿ ಹಾರಿಸುತ್ತಾರೆ. ಸಮಾನಾಂತರ ರೇಖೆಗಳನ್ನು ವರ್ಷವರ್ಷ ಬೋರ್ಡಿನ ಮೇಲೆ ಎಳೆದವಳು ನಾನು, ಅವು ಹೀಗೆ ಕೆಲಸಕ್ಕೆ ಬರುತ್ತವೆ ಅಂತ ಯಾರಿಗೆ ಗೊತ್ತಿತ್ತು! ತುಣುಕುಗಳನ್ನು ಫಾರ್ಮಲಿನ್ ಬಾಟಲಿಗೆ ಹಾಕುವಾಗ ಮೇಡಂ ಬಾಟಲಿ ಎತ್ತಿ ನೋಡಿದರು. ಬರೀ ಕೊಬ್ಬು ಬಂದಿದ್ದರೆ ತೇಲುತ್ತೆ, ಗಡ್ಡೆಯ ತುಣುಕು ಸಾಮಾನ್ಯವಾಗಿ ಮುಳುಗುತ್ತೆ ಅಂತೆ. ನಾಲ್ಕೈದು ತುಣುಕು ತೆಗೆಯೋದು ವಾಡಿಕೆ. ಕೊನೆಗೆ ಅದೇ ದಾರಿಯಲ್ಲಿ ಎಳ್ಳಿನಷ್ಟು ಸಣ್ಣದೊಂದು ಟೈಟಾನಿಯಂ ಕ್ಲಿಪ್ ಬಿಟ್ಟರು. ಇಷ್ಟು ಸಣ್ಣ ಗಡ್ಡೆಯಿಂದ ತುಣುಕು ತೆಗೆದ ಮೇಲೆ ಅದು ಮಸುಕಾಗಬಹುದು, ಮುಂದೆ ಜಾಗ ಗುರುತಿಸಬೇಕಲ್ಲ. ಹತ್ತು ನಿಮಿಷ ಸಿಸ್ಟರ್ ಅಂಗೈಯಲ್ಲಿ ಒತ್ತಿ ಹಿಡಿದರು, ಪ್ಲಾಸ್ಟರ್ ಹಾಕಿದರು, ಹೊಲಿಗೆ ಇಲ್ಲ.

ವ್ಯಾಕ್ಯೂಮ್ ಬೇರೆಯದೇ ಕಥೆ. ಅದಕ್ಕೆ ಬೇರೆ ದಿನ ಹೋಗಬೇಕಾಯಿತು. ನಾನು ಹೋದಲ್ಲಿ ಮಂಚಕ್ಕೆ ಒಂದು ತೂತು ಇತ್ತು. ಬೋರಲು ಮಲಗಬೇಕು, ಸ್ತನ ಆ ತೂತಿನಿಂದ ಕೆಳಗೆ ಇಳಿಯುತ್ತೆ, ಕೆಳಗೆ ಕೂತು ಅವರು ಕೆಲಸ ಮಾಡುತ್ತಾರೆ. ಕೆಲವು ಕಡೆ ಕುರ್ಚಿಯಲ್ಲಿ ಕೂರಿಸಿ ಮಾಡುವ ಯಂತ್ರವೂ ಇರುತ್ತೆ. ಬೋರಲು ಮಲಗಿದರೆ ಒಂದು ಅನುಕೂಲ, ಸೂಜಿ ಕಣ್ಣಿಗೆ ಬೀಳಲ್ಲ. ಅನನುಕೂಲ ಅಂದರೆ ಕುತ್ತಿಗೆ. ಒಂದೇ ಕಡೆ ತಿರುಗಿಸಿಕೊಂಡು ಮುಕ್ಕಾಲು ಗಂಟೆ ಅಲ್ಲಾಡದೆ ಇರಬೇಕು. ಸೂಜಿಯ ನೋವು ಮರೆತಿದೆ, ಆ ಕುತ್ತಿಗೆ ನೋವು ಈಗಲೂ ನೆನಪಿದೆ. ಕುತ್ತಿಗೆ, ಭುಜದ ತೊಂದರೆ ಇರುವವರು ಮೊದಲೇ ಹೇಳಿಬಿಡಿ.

ಮ್ಯಾಮೊಗ್ರಾಂನಲ್ಲಿ ಹೇಗೋ ಹಾಗೇ ಸ್ತನವನ್ನು ಎರಡು ತಟ್ಟೆಗಳ ನಡುವೆ ಒತ್ತಿ ಹಿಡಿದರು. ಮೊದಲು ನೇರವಾಗಿ ಒಂದು ಎಕ್ಸ್‌ರೇ. ಆಮೇಲೆ ಟ್ಯೂಬನ್ನು 15 ಡಿಗ್ರಿ ಆ ಕಡೆ ವಾಲಿಸಿ ಒಂದು, 15 ಡಿಗ್ರಿ ಈ ಕಡೆ ವಾಲಿಸಿ ಇನ್ನೊಂದು. ಒಂದೇ ಕಣ ಎರಡು ಚಿತ್ರಗಳಲ್ಲಿ ಸ್ವಲ್ಪ ಬೇರೆ ಬೇರೆ ಜಾಗದಲ್ಲಿ ಕಾಣುತ್ತೆ. ಎಷ್ಟು ಸರಿದಿದೆ ಅಂತ ಅಳೆದರೆ ಅದು ಎಷ್ಟು ಆಳದಲ್ಲಿದೆ ಅಂತ ಗೊತ್ತಾಗುತ್ತೆ. ಹತ್ತನೇ ಕ್ಲಾಸಿನ ತ್ರಿಕೋನಮಿತಿ, ಇನ್ನೇನೂ ಇಲ್ಲ! ಕಂಪ್ಯೂಟರ್ ಆ ಲೆಕ್ಕ ಮಾಡಿ ಸೂಜಿ ಎಷ್ಟು ಅಡ್ಡ, ಎಷ್ಟು ಉದ್ದ, ಎಷ್ಟು ಆಳ ಹೋಗಬೇಕು ಅಂತ ಮೂರು ಸಂಖ್ಯೆ ಕೊಡುತ್ತೆ. ಇದಕ್ಕೆ ಸ್ಟೀರಿಯೊಟ್ಯಾಕ್ಟಿಕ್ ಅನ್ನುತ್ತಾರೆ. ಟೆಕ್ನಿಷಿಯನ್ ಹುಡುಗಿಗೆ ನಾನು ಮಲಗಿದಲ್ಲಿಂದಲೇ ಟ್ಯಾನ್ ತೀಟಾ ಬಗ್ಗೆ ಕೇಳಿದೆ, ಅವಳು "ಮೇಡಂ, ಉಸಿರು ಮೆಲ್ಲಗೆ ಬಿಡಿ, ಅಲ್ಲಾಡಬೇಡಿ" ಅಂದಳು. ಸ್ತನ ತೀರಾ ಚಿಕ್ಕದಿದ್ದು, ಒತ್ತಿದಾಗ ಬಹಳ ತೆಳುವಾಗಿಬಿಟ್ಟರೆ ಈ ವಿಧಾನ ಕಷ್ಟ ಅಂತಲೂ ಅವಳೇ ಆಮೇಲೆ ಹೇಳಿದ್ದು.

ಸೂಜಿ 9 ಗೇಜಿನದು, ಮೂರೂವರೆ ಮಿಲಿಮೀಟರ್‌ಗೂ ಜಾಸ್ತಿ ದಪ್ಪ. ಕೇಳಿದರೆ ಭಯ ಆಗುತ್ತೆ ಅಲ್ವಾ? ಆದರೆ ಕೋರ್‌ನಲ್ಲಿ ಪ್ರತಿ ತುಣುಕಿಗೂ ಗನ್ ಹಾರಿಸಬೇಕು, ಸೂಜಿ ಹೊರಗೆ ತಂದು ಮತ್ತೆ ಹಾಕಬೇಕು. ಇಲ್ಲಿ ಒಂದೇ ಸಲ ಒಳಗೆ ಹೋದರೆ ಮುಗೀತು. ಪಕ್ಕದಲ್ಲಿರುವ ತೂತಿಗೆ ಯಂತ್ರ ಮಾಂಸವನ್ನು ಹೀರಿ ಎಳೆದುಕೊಳ್ಳುತ್ತೆ, ಒಳಗಿನ ಅಲಗು ತಿರುಗಿ ಕತ್ತರಿಸುತ್ತೆ, ತುಣುಕು ಕೊಳವೆಯಲ್ಲೇ ಹೊರಗೆ ಬರುತ್ತೆ. ಆಮೇಲೆ ತೂತನ್ನು ಗಡಿಯಾರದ ಮುಳ್ಳಿನ ಹಾಗೆ ಒಂದೊಂದೇ ಗಂಟೆಗೆ ತಿರುಗಿಸುತ್ತಾ ಸುತ್ತಲಿನದನ್ನು ತೆಗೆಯುತ್ತಾ ಹೋಗುತ್ತಾರೆ. ಹತ್ತು ಹನ್ನೆರಡು ತುಣುಕು ಬರುತ್ತೆ. ತೆಗೆಯುವ ಕೆಲಸ ಕೆಲವೇ ನಿಮಿಷ. ಉಳಿದ ಸಮಯವೆಲ್ಲ ಗುರಿ ಇಡೋದಕ್ಕೆ. ಎಳೆತ ಗೊತ್ತಾಗುತ್ತೆ, ಯಂತ್ರದ ಗೊರಗೊರ ಕೇಳುತ್ತೆ, ಒಂದು ಸಲ ಆಳದಲ್ಲಿ ಚುಳುಕ್ ಅಂದಾಗ ಹೇಳಿದೆ, ಇನ್ನಷ್ಟು ಔಷಧ ಬಿಟ್ಟರು.

ತೆಗೆದ ತುಣುಕುಗಳನ್ನು ಅಲ್ಲೇ ಎಕ್ಸ್‌ರೇ ಮಾಡಿದರು. ಇದು ನನಗೆ ಬಹಳ ಹಿಡಿಸಿತು. ತುಣುಕಿನೊಳಗೆ ಬಿಳಿ ಚುಕ್ಕೆ ಕಂಡರೆ ಬೇಕಾದದ್ದು ಬಂದಿದೆ ಅಂತ ಅರ್ಥ, ಕಾಣದಿದ್ದರೆ ಮತ್ತೆ ಗುರಿ ಇಡಬೇಕು. ನಾನು ಮಂಚದಿಂದ ಏಳುವ ಮೊದಲೇ "ಬಂದಿದೆ ಮೇಡಂ" ಅಂತ ಹೇಳಿದರು. ಎಫ್‌ಎನ್‌ಎಸಿಯಲ್ಲಿ ಸಾಯಂಕಾಲದವರೆಗೆ ಕಾದು 'ಏನೂ ಹೇಳಲಾಗದು' ಅನ್ನಿಸಿಕೊಂಡವಳಿಗೆ ಇದು ಎಷ್ಟು ಸಮಾಧಾನ ಅಂತ ಹೇಳಬೇಕಾಗಿಲ್ಲ. ಇಲ್ಲೂ ಕ್ಲಿಪ್ ಬಿಟ್ಟು, ಅದು ಸರಿಯಾದ ಜಾಗದಲ್ಲಿದೆಯಾ ಅಂತ ನೋಡೋದಕ್ಕೆ ಮತ್ತೆರಡು ಮ್ಯಾಮೊಗ್ರಾಂ ತೆಗೆದರು.

ಆಮೇಲಿನ ದಿನಗಳ ಬಗ್ಗೆ ಹೇಳೋದಾದರೆ, ಕೋರ್ ಆದ ಕಡೆ ನೇರಳೆ ಬಣ್ಣದ ಸಣ್ಣ ಕಲೆ, ಬೇಗ ಹೋಯಿತು. ವ್ಯಾಕ್ಯೂಮ್ ಆದ ಕಡೆ ರಕ್ತ ಕಟ್ಟಿ ಅಂಗೈ ಅಗಲ ನೀಲಿಯಾಯಿತು, ಆಮೇಲೆ ಹಸಿರು, ಆಮೇಲೆ ಹಳದಿ. ಬಿಗಿ ಬ್ರಾ ಹಾಕಿಕೊಂಡೇ ಮಲಗಿ, ಬಟ್ಟೆಯಲ್ಲಿ ಸುತ್ತಿದ ಐಸ್ ಆಗಾಗ ಇಡಿ, ಭಾರ ಎತ್ತಬೇಡಿ, ಪ್ಯಾರಾಸಿಟಮಾಲ್ ಸಾಕು ಅಂದಿದ್ದರು. ಸಾಕಾಯಿತು. ಬಸ್ಸಲ್ಲಿ ಹಾಸನಕ್ಕೆ ಬರುವಾಗ ಪ್ರತಿ ರೋಡ್ ಹಂಪ್‌ಗೂ ಎದೆ ಹಿಡಿದುಕೊಂಡೆ, ಅದು ಬೇರೆ ವಿಷಯ.

ಖರ್ಚಿನ ವಿಷಯಕ್ಕೆ ಬಂದರೆ ಎಫ್‌ಎನ್‌ಎಸಿ ಎಲ್ಲಕ್ಕಿಂತ ಅಗ್ಗ, ಕೋರ್ ಅದಕ್ಕಿಂತ ಎಷ್ಟೋ ಪಟ್ಟು, ವ್ಯಾಕ್ಯೂಮ್ ಹತ್ತಾರು ಸಾವಿರದ ಮಾತು. ಆ ಸೂಜಿ ಒಬ್ಬರಿಗೆ ಬಳಸಿ ಬಿಸಾಡುವಂಥದ್ದು, ಯಂತ್ರವೂ ದುಬಾರಿ, ಎಲ್ಲಾ ಊರಲ್ಲೂ ಇಲ್ಲ. ಇನ್ಶೂರೆನ್ಸ್ ಇದೆ ಅಂತ ಧೈರ್ಯವಾಗಿ ಹೋಗಬೇಡಿ. ಬರೀ ತಪಾಸಣೆಗೆ ಅಂತ ಅಡ್ಮಿಟ್ ಆದರೆ ಕ್ಲೇಮ್ ಇಲ್ಲ ಅನ್ನುವ ಷರತ್ತು ಬಹಳ ಪಾಲಿಸಿಗಳಲ್ಲಿ ಇರುತ್ತೆ, ಮೊದಲೇ ಫೋನ್ ಮಾಡಿ ಕೇಳಿ.

ಮೊದಲು ಬಲಗಡೆಯ ರಿಪೋರ್ಟ್ ಬಂತು. ಫೈಬ್ರೊಅಡಿನೋಮಾ, ಕ್ಯಾನ್ಸರ್ ಅಲ್ಲದ ಗಡ್ಡೆ. ನಾನು ಕುಣಿದಾಡುವುದೊಂದು ಬಾಕಿ. ಮೇಡಂ ಮಾತ್ರ ರಿಪೋರ್ಟನ್ನೂ ಸ್ಕ್ಯಾನಿಂಗ್ ಚಿತ್ರವನ್ನೂ ಪಕ್ಕಪಕ್ಕ ಇಟ್ಟುಕೊಂಡು ಹೊಂದುತ್ತಾ ಅಂತ ನೋಡಿದರು. ಚಿತ್ರದಲ್ಲಿ ಅಂಚು ನಯವಾಗಿ, ಮೊಟ್ಟೆಯಾಕಾರದಲ್ಲಿ ಇತ್ತು, ಫೈಬ್ರೊಅಡಿನೋಮಾ ಅಂದರೆ ಒಪ್ಪುತ್ತೆ ಅಂದರು. ಚಿತ್ರ ನೋಡಿದರೆ ಕ್ಯಾನ್ಸರ್ ಅನ್ನಿಸುವಂತಿದ್ದು, ಬಯಾಪ್ಸಿ ಏನೂ ಇಲ್ಲ ಅಂದರೆ ಆ ರಿಪೋರ್ಟನ್ನು ನಂಬಿ ಮನೆಗೆ ಕಳಿಸಲ್ಲವಂತೆ. ಸೂಜಿ ತಪ್ಪಿರಬಹುದು ಅಂತ ಮತ್ತೆ ಮಾಡುತ್ತಾರೆ. ನೀವು ಯಾವ ಸೂಜಿ ಹಾಕಿಸಿಕೊಂಡರೂ ಸರಿ, ರಿಪೋರ್ಟ್ ಬಂದಾಗ ಚಿತ್ರಕ್ಕೂ ಇದಕ್ಕೂ ಹೊಂದುತ್ತಾ ಅಂತ ಕೇಳಲೇಬೇಕು. ಬರೀ ರಿಪೋರ್ಟಿನ ಕೊನೆಯ ಸಾಲು ಓದಿ ಫೈಲ್ ಮುಚ್ಚಿಡುವವರು ಎಷ್ಟು ಜನ ಇಲ್ಲ.

ಎಡಗಡೆಯದು ಒಂದು ವಾರ ದಾಟಿ ಬಂತು. ಎಡಿಎಚ್, ಅಂದರೆ ಅಟಿಪಿಕಲ್ ಡಕ್ಟಲ್ ಹೈಪರ್‌ಪ್ಲೇಸಿಯಾ. ಕ್ಯಾನ್ಸರ್ ಅಲ್ಲ, ಆದರೆ ಜೀವಕೋಶಗಳು ಸರಿಯಾಗೂ ಇಲ್ಲ. ಆಗ ನನಗೆ ಈ ಸೂಜಿಗಳ ಹೋಲಿಕೆ ನಿಜವಾಗಿ ಅರ್ಥವಾಯಿತು. ನಾಳದೊಳಗೇ ಇರುವ ಕ್ಯಾನ್ಸರಿಗೆ ಡಿಸಿಐಎಸ್ ಅನ್ನುತ್ತಾರೆ. ಅದರಲ್ಲಿ ಮೆಲ್ಲಗೆ ಬೆಳೆಯುವ ಬಗೆಯನ್ನೂ ಎಡಿಎಚ್ ಅನ್ನೂ ಮೈಕ್ರೋಸ್ಕೋಪಲ್ಲಿ ನೋಡಿದರೆ ಜೀವಕೋಶಗಳು ಹೆಚ್ಚುಕಮ್ಮಿ ಒಂದೇ ಥರ. ಒಂದನ್ನು ಇನ್ನೊಂದರಿಂದ ಬೇರೆ ಮಾಡೋದು ಬಹಳ ಮಟ್ಟಿಗೆ ಅದು ಎಷ್ಟು ಹರಡಿದೆ ಅನ್ನೋದು. 2 ಮಿಲಿಮೀಟರ್ ಅನ್ನೋದು ಬಳಕೆಯಲ್ಲಿರುವ ಒಂದು ಗಡಿ. ಅದಕ್ಕಿಂತ ಕಮ್ಮಿ ಇದ್ದರೆ ಎಡಿಎಚ್, ಮೀರಿದರೆ ಡಿಸಿಐಎಸ್. ಈಗ ಯೋಚನೆ ಮಾಡಿ. ಹರವು ಅಳೆದು ಹೇಳಬೇಕಾದದ್ದನ್ನು ಸಣ್ಣ ತುಣುಕಿನಲ್ಲಿ ಹೇಳೋದು ಹೇಗೆ? ಸೂಜಿಗೆ ಸಿಕ್ಕಿದ್ದು ಒಂದೂವರೆ ಮಿಲಿಮೀಟರ್, ಉಳಿದದ್ದು ಒಳಗೇ ಇದ್ದರೆ? ಎಫ್‌ಎನ್‌ಎಸಿಯಲ್ಲಂತೂ ಈ ಪ್ರಶ್ನೆಯನ್ನು ಕೇಳುವ ಹಾಗೇ ಇಲ್ಲ. 14 ಗೇಜ್ ಕೋರ್‌ನಲ್ಲಿ ಎಡಿಎಚ್ ಅಂತ ಬಂದು, ಆಮೇಲೆ ಆಪರೇಷನ್ನಲ್ಲಿ ಕ್ಯಾನ್ಸರ್ ಅಂತ ಆಗೋದು ವ್ಯಾಕ್ಯೂಮಿಗಿಂತ ಜಾಸ್ತಿ. ವ್ಯಾಕ್ಯೂಮಲ್ಲಿ ಆ ಪ್ರಮಾಣ ಇಳಿಯುತ್ತೆ, ಆದರೆ ಪೂರ್ತಿ ಹೋಗಲ್ಲ. ಎರಡು ಬಿಲ್ ಮಾಡುವ ಉಪಾಯ ಅಂತ ಬೈದುಕೊಂಡಿದ್ದೆನಲ್ಲ, ಅದಕ್ಕೆ ಉತ್ತರ ಇಲ್ಲಿತ್ತು.

ಹಾಗಾಗಿ ಆಪರೇಷನ್ ಮಾಡಿ ಆ ಜಾಗ ಪೂರ್ತಿ ತೆಗೆದು ನೋಡೋಣ ಅಂದರು ಸರ್ಜನ್. ಬ್ರಿಟನ್ನಿನಲ್ಲಿ ಇಂಥದ್ದಕ್ಕೆ ಎಷ್ಟೋ ಸಲ ಆಪರೇಷನ್ ಬದಲು ಮತ್ತೊಮ್ಮೆ ವ್ಯಾಕ್ಯೂಮಿನಿಂದಲೇ ಸುಮಾರು 4 ಗ್ರಾಂನಷ್ಟು ತೆಗೆದು ನೋಡುವ ಪದ್ಧತಿ ಇದೆ. ಅದನ್ನು ಕೇಳಿದೆ. ನನಗೆ ಇನ್ನೂ ಕಣಗಳು ಒಳಗೆ ಉಳಿದಿದ್ದವು, ಚಿಕ್ಕಮ್ಮನ ಕಥೆಯೂ ಇತ್ತು, ಆಪರೇಷನ್ನೇ ಇರಲಿ ಅಂತ ಎಲ್ಲರೂ ಒಪ್ಪಿದೆವು.

ಅವತ್ತು ಬೆಳಿಗ್ಗೆ ಮ್ಯಾಮೊಗ್ರಾಂ ಕೋಣೆಯಲ್ಲೇ ಕ್ಲಿಪ್ ಇದ್ದ ಜಾಗಕ್ಕೆ ಕೊಕ್ಕೆ ತುದಿಯ ಸಣ್ಣ ತಂತಿ ಹಾಕಿದರು. ಹೊರಗೆ ಉಳಿದ ತಂತಿಯನ್ನು ಪ್ಲಾಸ್ಟರ್ ಹಾಕಿ ಎದೆಗೆ ಅಂಟಿಸಿ ಥಿಯೇಟರಿಗೆ ಕಳಿಸಿದರು. ಕೈಗೂ ಕಣ್ಣಿಗೂ ಸಿಗದ ಜಾಗಕ್ಕೆ ಸರ್ಜನ್ ಹೋಗೋದು ಆ ತಂತಿ ಹಿಡಿದೇ. ಪೂರ್ತಿ ಅರಿವಳಿಕೆ, ಎಚ್ಚರ ಆದಾಗ ಮುಗಿದಿತ್ತು. ತೆಗೆದದ್ದನ್ನು ಎಕ್ಸ್‌ರೇ ಮಾಡಿ ಕ್ಲಿಪ್ಪೂ ಕಣಗಳೂ ಅದರಲ್ಲಿವೆ ಅಂತ ಖಾತ್ರಿ ಮಾಡಿಕೊಂಡೇ ಹೊಲಿಗೆ ಹಾಕಿದರಂತೆ. ಒಂದು ಕಾಲದಲ್ಲಿ ಮ್ಯಾಮೊಗ್ರಾಂನಲ್ಲಿ ಮಾತ್ರ ಕಾಣುವ ಪ್ರತಿ ಚುಕ್ಕೆಗೂ ಇದೇ ದಾರಿ ಇತ್ತು. 1990ರ ಸುಮಾರಿಗೆ ಅಮೆರಿಕದ ರೇಡಿಯಾಲಜಿಸ್ಟ್ ಸ್ಟೀವ್ ಪಾರ್ಕರ್ ಮತ್ತು ಅವರ ಜೊತೆಗಾರರು ಸ್ಪ್ರಿಂಗ್ ಗನ್ನನ್ನು ಸ್ಟೀರಿಯೊಟ್ಯಾಕ್ಟಿಕ್ ಯಂತ್ರದ ಜೊತೆ ಸೇರಿಸಿ ಸೂಜಿಯಲ್ಲೇ ಇದು ಸಾಧ್ಯ ಅಂತ ತೋರಿಸಿದರು. 1990ರ ದಶಕದ ಮಧ್ಯದಲ್ಲಿ ವ್ಯಾಕ್ಯೂಮ್ ಸೂಜಿ ಬಂತು. ಅದಕ್ಕೂ ಮೊದಲು, ಕೊನೆಗೆ ಏನೂ ಇಲ್ಲ ಅಂತ ಗೊತ್ತಾಗೋದಕ್ಕೇ ಎಷ್ಟು ಹೆಂಗಸರು ಈ ಗಾಯ ಹೊತ್ತರೋ. ಬಯಾಪ್ಸಿಗೆ ಕಳಿಸಿದವರಲ್ಲಿ ಕ್ಯಾನ್ಸರ್ ಅಲ್ಲ ಅಂತ ಬರುವವರೇ ಹೆಚ್ಚು.

ಆಪರೇಷನ್ನಿನ ರಿಪೋರ್ಟಲ್ಲೂ ಎಡಿಎಚ್ ಅಷ್ಟೇ ಇತ್ತು. ಕ್ಯಾನ್ಸರ್ ಇರಲಿಲ್ಲ. ಎಡಿಎಚ್ ಇದ್ದವರಿಗೆ ಮುಂದೆ ಎರಡೂ ಕಡೆ ಕ್ಯಾನ್ಸರಿನ ಅಪಾಯ ಜಾಸ್ತಿ ಅಂತ ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಹೇಳಿದ್ದಾರೆ. ಆ ಅಪಾಯ ತಗ್ಗಿಸುವ ಮಾತ್ರೆಯ ವಿಷಯವೂ ಬಂದಿದೆ, ಅದನ್ನು ಇನ್ನೂ ಯೋಚಿಸುತ್ತಿದ್ದೇನೆ. ಬಲಗಡೆಯ ಕ್ಲಿಪ್ ಅಲ್ಲೇ ಇದೆ. ಅದರಿಂದ ಏನೂ ಗೊತ್ತಾಗಲ್ಲ, ಎಂಆರ್‌ಐಗೂ ತೊಂದರೆ ಇಲ್ಲ ಅಂದಿದ್ದಾರೆ. ಆದರೆ ಬೇರೆ ಕಡೆ ಮ್ಯಾಮೊಗ್ರಾಂ ಮಾಡಿಸಿದರೆ ಈ ಬಿಳಿ ಚುಕ್ಕೆ ಏನು ಅಂತ ಕೇಳೇ ಕೇಳುತ್ತಾರೆ. ಅದಕ್ಕೇ ಯಾವ ಕಡೆ, ಯಾವಾಗ ಹಾಕಿದ್ದು, ರಿಪೋರ್ಟ್ ಏನು ಬಂತು ಅನ್ನೋದನ್ನು ಒಂದೇ ಹಾಳೆಯಲ್ಲಿ ಬರೆಸಿ ಫೈಲಿನ ಮೊದಲಿಗೇ ಇಟ್ಟಿದ್ದೇನೆ.

ಎಡಿಎಚ್ ಅಂತ ಬಂದಾಗ ತಂಗಿ ಇನ್ನೊಬ್ಬ ಪೆಥಾಲಜಿ ಡಾಕ್ಟರ್ ಹತ್ತಿರ ತೋರಿಸೋಣ ಅಂದಳು. ಬರೀ ರಿಪೋರ್ಟ್ ತಗೊಂಡು ಹೋದರೆ ಅವರು ಏನು ತಾನೇ ನೋಡಿಯಾರು? ಲ್ಯಾಬಿನವರು ತುಣುಕನ್ನು ಮೇಣದಲ್ಲಿ ಕೂರಿಸಿ ಇಟ್ಟುಕೊಂಡಿರುತ್ತಾರೆ, ಅದಕ್ಕೆ ಬ್ಲಾಕ್ ಅಂತಾರೆ. ಬ್ಲಾಕ್ ಮತ್ತು ಸ್ಲೈಡ್ ಎರಡನ್ನೂ ಕೇಳಿ ಪಡೆಯಬಹುದು, ಒಂದು ಅರ್ಜಿ ಬರೆದು ಸಹಿ ಹಾಕಿದರೆ ಕೊಡುತ್ತಾರೆ. ನನಗೆ ಕೌಂಟರಿನಲ್ಲಿ ಮೊದಲು "ಅದೆಲ್ಲ ಪೇಷಂಟಿಗೆ ಕೊಡಲ್ಲ ಮೇಡಂ" ಅಂದರು, ಒಳಗಿನ ಡಾಕ್ಟರನ್ನು ಕೇಳಿ ಬನ್ನಿ ಅಂತ ಅಲ್ಲೇ ಕೂತೆ, ಅರ್ಧ ಗಂಟೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಎರಡನೆಯವರೂ ಎಡಿಎಚ್ ಅಂತಲೇ ಹೇಳಿದರು. ಬ್ಲಾಕನ್ನು ಬಿಸಿಲಲ್ಲಿ ಕಾರಿನೊಳಗೆ ಬಿಟ್ಟು ಹೋಗಬೇಡಿ, ಮೇಣ ಕರಗುತ್ತೆ.